ಶ್ರಾವಕನ ದಿನಚರಿಯೂ ಪಾಳಿಯ ದುಡಿಮೆಯೂ

ಜೈನ ಗೃಹಸ್ಥನ ದಿನಚರಿಯನ್ನು ಶತಮಾನಗಳ ಕಾಲ ನಿಯಂತ್ರಿಸಿದವನು ಸೂರ್ಯ. ಉದಯಕ್ಕೆ ಮುನ್ನ ಏಳುವುದು, ಸ್ನಾನ, ಜಿನದರ್ಶನ, ಸೋಸಿದ ನೀರಿನಲ್ಲಿ ಅಡಿಗೆ, ಹೊತ್ತು ಮುಳುಗುವುದರೊಳಗೆ ಊಟ, ಅನಂತರ ಸ್ವಾಧ್ಯಾಯ - ಈ ಕ್ರಮವನ್ನು ನಮ್ಮ ಹಿರಿಯರ ಮನೆಗಳಲ್ಲಿ ಮಕ್ಕಳು ನೋಡಿಯೇ ಕಲಿತರು. ಹೊಲದ ಕೆಲಸವೂ ಅಂಗಡಿಯ ವ್ಯವಹಾರವೂ ಬಹುಮಟ್ಟಿಗೆ ಹಗಲಿನವೇ ಆಗಿದ್ದುದರಿಂದ ವ್ರತಕ್ಕೂ ವೃತ್ತಿಗೂ ವಿರೋಧ ಬರಲಿಲ್ಲ. ಇಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ನೆಲೆಸಿರುವ ಕುಟುಂಬಗಳಲ್ಲಿ ಈ ಕ್ರಮ ಸಡಿಲಗೊಂಡಿದೆ. ಇದಕ್ಕೆ ಶ್ರದ್ಧೆಯ ಕೊರತೆಯೊಂದೇ ಕಾರಣವೆಂದು ತೀರ್ಮಾನಿಸುವ ಮುನ್ನ ಇತಿಹಾಸವನ್ನು ಅವಲೋಕಿಸುವುದು ಉಚಿತ.

ರಾತ್ರಿಭೋಜನ ತ್ಯಾಗದ ವಿಚಾರದಲ್ಲಿ ನಮ್ಮ ಆಚಾರ್ಯರು ಒಂದೇ ಮಾತನ್ನು ಹೇಳಿ ಸುಮ್ಮನಾದವರಲ್ಲ. ಇದನ್ನು ಆರನೆಯ ಅಣುವ್ರತವೆಂದು ಬೇರೆಯಾಗಿ ಎಣಿಸಬೇಕೇ ಎಂಬ ಪ್ರಶ್ನೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು, ಚೆನ್ನಾಗಿ ನೋಡಿ ಉಣ್ಣುವ ಅಹಿಂಸಾಭಾವನೆಯಲ್ಲಿಯೇ ಇದು ಅಡಗಿದೆಯೆಂದು ಉತ್ತರಿಸಿದರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದು ಶ್ರಾವಕನ ಹನ್ನೊಂದು ಪ್ರತಿಮೆಗಳ ಪೈಕಿ ಆರನೆಯದು. ಎಂದರೆ ಸಾಧನೆಯಿಂದ ಏರಬೇಕಾದ ಮೆಟ್ಟಿಲು. ದೀಪ ಹಚ್ಚಿಕೊಂಡರೆ ಸಾಲದೇ ಎಂಬ ಆಕ್ಷೇಪಕ್ಕೆ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸಮಾಧಾನ ಹೇಳಿದ್ದಾರೆ: ಬೆಳಕಿದ್ದರೂ ಆಹಾರವನ್ನು ಸೇರುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವ್ರತನಿಷ್ಠನು ಹಗಲಿನ ಮೊದಲ ಹಾಗೂ ಕೊನೆಯ ಮುಹೂರ್ತಗಳನ್ನೂ ಬಿಡಬೇಕೆಂದರು; ಆದರೆ ಆರಂಭದ ಹಂತದ ಪಾಕ್ಷಿಕ ಶ್ರಾವಕನಿಗೆ ರಾತ್ರಿ ನೀರು, ಔಷಧ, ತಾಂಬೂಲಗಳ ರಿಯಾಯಿತಿಯನ್ನು ಕೊಟ್ಟರು. ಧ್ಯೇಯದಲ್ಲಿ ಕಠಿನತೆ, ಮಾರ್ಗದಲ್ಲಿ ಕ್ರಮ - ಇದು ನಮ್ಮ ಪರಂಪರೆಯ ರೀತಿ.

ಬೆಂಗಳೂರಿನ ರಾತ್ರಿಯ ಸ್ವರೂಪ ಬದಲಾದುದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತು ನಗರವನ್ನು ಬೆಳಗಿಸಿದಾಗ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಸ್ವಾತಂತ್ರ್ಯಾನಂತರ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಸ್ಥಾಪನೆಯಾದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಗಿ ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಮುಂದಾಲೋಚನೆಯಿಂದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಲ್ಲಿ ತಂತ್ರಜ್ಞಾನದ ನೆಲೆಯಾಯಿತು. ಬೆಳಗಿನ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮತ್ತೆ ಆರು - ಹೀಗೆ ಪಾಳಿಯು ದಿನವನ್ನು ಮೂರು ಸಮಭಾಗ ಮಾಡಿತು. ಸಾಗರದಾಚೆಯ ಗ್ರಾಹಕರಿಗಾಗಿ ದುಡಿಯುವ ಕಚೇರಿಗಳಲ್ಲಿ ಇಲ್ಲಿನ ಸಂಜೆಯೇ ಮುಖ್ಯ ಕೆಲಸದ ವೇಳೆಯಾಯಿತು. 1948ರ ಕಾರ್ಖಾನೆಗಳ ಕಾಯಿದೆ ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿ ಕಾರ್ಮಿಕನನ್ನು ರಕ್ಷಿಸಿತು. ಆದರೆ ಅವನ ಊಟಕ್ಕೂ ಸೂರ್ಯಾಸ್ತಕ್ಕೂ ಇದ್ದ ಸಂಬಂಧವನ್ನು ಯಾವ ಕಾಯಿದೆಯೂ ಕಾಯಲಾರದು.

ಲೆಕ್ಕ ಸರಳವಾಗಿದೆ. ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಸುಮಾರು 6.50ಕ್ಕೆ, ನವೆಂಬರಿನಲ್ಲಿ ಸುಮಾರು 5.50ಕ್ಕೆ ಸೂರ್ಯಾಸ್ತ. ಎರಡು ಗಳಿಗೆ, ಅಂದರೆ 48 ನಿಮಿಷ ಮುಂಚೆ ಊಟ ಮುಗಿಸುವ ನಿಯಮವುಳ್ಳವರು ಚಳಿಗಾಲದಲ್ಲಿ ಐದು ಗಂಟೆಗೇ ಕೈ ತೊಳೆಯಬೇಕು. ಆ ಹೊತ್ತಿಗೆ ಹಗಲು ಪಾಳಿಯವರು ಯಂತ್ರದ ಮುಂದಿರುತ್ತಾರೆ, ಇಲ್ಲವೇ ದಾರಿಯಲ್ಲಿರುತ್ತಾರೆ. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋ ರೈಲು ಬಂದು ಪ್ರಯಾಣ ಸುಗಮವಾಗಿರಬಹುದು. ಪಾಳಿಯ ವೇಳೆ ಬದಲಾಗಿಲ್ಲ.

ಹಾಗಿದ್ದೂ ವ್ರತವನ್ನು ಉಳಿಸಿಕೊಂಡಿರುವ ಮನೆಗಳಿವೆ. ಅವು ಉಳಿಸಿಕೊಂಡಿರುವುದು ಹೇಗೆ ಎಂಬುದು ವಿಚಾರಾರ್ಹ. ನಸುಕಿನಲ್ಲಿಯೇ ಎದ್ದು ನೀರು ಸೋಸಿ, ಬೆಳಗಿನ ತಿಂಡಿಯೊಡನೆ ಮಧ್ಯಾಹ್ನದ ಬುತ್ತಿಯನ್ನೂ ಸಂಜೆಯ ಡಬ್ಬಿಯನ್ನೂ ಸಿದ್ಧಪಡಿಸುವವಳು ಮನೆಯ ತಾಯಿ ಅಥವಾ ಸೊಸೆ. ಅತ್ತೆ ಮಾವಂದಿರಿಗೆ ಐದಕ್ಕೆ, ಮಕ್ಕಳಿಗೆ ಆರಕ್ಕೆ ಬಡಿಸುವವಳೂ ಅವಳೇ. ಎಷ್ಟೋ ವೇಳೆ ಅವಳೂ ಹೊರಗೆ ದುಡಿಯುವವಳು. ಒಬ್ಬರ ನಿಯಮಕ್ಕಾಗಿ ಇನ್ನೊಬ್ಬರ ನಿದ್ರೆ, ಆರೋಗ್ಯ, ಸ್ವಾಧ್ಯಾಯಗಳು ಸವೆಯುವುದಾದರೆ ಆ ಅಹಿಂಸೆ ಅಪೂರ್ಣವೆಂದೇ ಹೇಳಬೇಕಾಗುತ್ತದೆ. ಸೂಕ್ಷ್ಮಜೀವಿಯನ್ನು ಕಾಣುವ ಕಣ್ಣು ಪಕ್ಕದಲ್ಲಿರುವ ಜೀವದ ಬಳಲಿಕೆಯನ್ನೂ ಕಾಣಬೇಡವೇ?

ಇಲ್ಲಿ ಆಶಾಧರರ ಮಾತು ಮತ್ತೊಮ್ಮೆ ನೆರವಿಗೆ ಬರುತ್ತದೆ. ಹಗಲಿನಲ್ಲಿ ಉಣ್ಣೆಂದು ಹೇಳುವ ಸಂದರ್ಭದಲ್ಲಿಯೇ ಅವರು ಆಶ್ರಿತರನ್ನು ಪೋಷಿಸಿ, ಆಶ್ರಿತರಲ್ಲದ ದೀನರನ್ನೂ ಕರುಣೆಯಿಂದ ಕಂಡು ಬಳಿಕ ಉಣ್ಣಬೇಕೆಂದಿದ್ದಾರೆ. ಊಟದ ವೇಳೆ ಹಾಗೂ ಪರರ ಹಿತ, ಇವೆರಡೂ ಒಂದೇ ವಿಧಿಯ ಭಾಗಗಳು. ಆದುದರಿಂದ ವ್ರತದ ಹೊಣೆ ಇಡೀ ಮನೆಯದು. ನೀರು ಸೋಸುವುದು, ಧಾನ್ಯ ಆರಿಸುವುದು, ಪಾತ್ರೆ ತೊಳೆಯುವುದು ಗಂಡಸರಿಗೆ ಅಗೌರವವಲ್ಲ. ಪಾಳಿಯಲ್ಲಿರುವ ಮಗನು ವಾರದ ರಜೆಯಂದು, ಅಷ್ಟಮಿ ಚತುರ್ದಶಿಗಳಂದು ನಿಯಮವನ್ನು ಪಾಲಿಸಿ ಕ್ರಮೇಣ ಮುಂದುವರಿಯಲಿ. ಉಳಿದ ದಿನಗಳ ಕೊರತೆಗಾಗಿ ಅವನನ್ನು ಹೀಯಾಳಿಸುವುದರಿಂದ ಧರ್ಮ ಬೆಳೆಯದು.

ಬಸದಿಗಳ ಆಡಳಿತ ಮಂಡಲಿಗಳೂ ಈ ನಿಟ್ಟಿನಲ್ಲಿ ಯೋಚಿಸಬೇಕು. ಈ ಪ್ರದೇಶಗಳಲ್ಲಿ ನಾಲ್ಕೈದು ಮನೆಗಳು ಸೇರಿ ಸರದಿಯಂತೆ ಸಂಜೆಯ ಶುದ್ಧಾಹಾರ ಸಿದ್ಧಪಡಿಸುವುದಾದರೆ, ಅದಕ್ಕೆ ಸ್ಥಳವನ್ನೂ ಪಾತ್ರೆಗಳನ್ನೂ ಒದಗಿಸುವುದು ಆಹಾರದಾನಕ್ಕೆ ಸಮಾನವಾದ ಕಾರ್ಯ. ಹಿಂದೆ ಸೂರ್ಯನೊಬ್ಬನೇ ಮನೆಮಂದಿಯನ್ನೆಲ್ಲ ಒಟ್ಟಿಗೆ ಊಟಕ್ಕೆ ಕೂರಿಸುತ್ತಿದ್ದನು. ಇಂದು ಆ ಕೆಲಸವನ್ನು ನಾವು ಪರಸ್ಪರರ ನೆರವಿನಿಂದ ಮಾಡಿಕೊಳ್ಳಬೇಕಾಗಿದೆ.