ಇಂಟರ್‌ಮೀಡಿಯಟ್‌ನಿಂದ ಡಿಪ್ಲೊಮಾದವರೆಗೆ

ನಿಮ್ಮ ದಾದಾ, ನಾನಾ ಅವರ ಬಾಲ್ಯದಲ್ಲಿ ನಮ್ಮ ಬಂಡಳ್ಳಿ ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗ ಹೈಸ್ಕೂಲು ಮುಗಿಸಿದವರು ಡಿಗ್ರಿಗೆ ಮೊದಲು ಎರಡು ವರ್ಷ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದಬೇಕಿತ್ತು. ಊರು ಬಿಟ್ಟು ಹೋಗಿ ಓದುವ ಖರ್ಚು ಎಷ್ಟು ಮನೆಗಳಿಗೆ ನೀಗುತ್ತಿತ್ತು, ನೀವೇ ಯೋಚಿಸಿ.

ಮದ್ರಾಸ್ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಆಯೋಗವು 1953ರಲ್ಲಿ ಒಂದು ಸಲಹೆ ಕೊಟ್ಟಿತು: ಇಂಟರ್‌ಮೀಡಿಯಟ್ ತೆಗೆದುಹಾಕಿ, ಅದರ ಒಂದು ವರ್ಷವನ್ನು ಹೈಸ್ಕೂಲಿಗೆ, ಇನ್ನೊಂದನ್ನು ಡಿಗ್ರಿಗೆ ಸೇರಿಸಬೇಕು. ಮುಂದೆ ಒಂದು ವರ್ಷದ ಪಿಯುಸಿ ಬಂತು. 1970ರ ದಶಕದ ಆರಂಭದಲ್ಲಿ ಅದೂ ಎರಡು ವರ್ಷವಾಯಿತು. ಹಳೆಯ ಇಂಟರ್‌ಮೀಡಿಯಟ್ಟೇ ಬೇರೆ ಹೆಸರಿನಲ್ಲಿ ಮರಳಿತೆನ್ನಿ!

ಅದೇ ಕಾಲಕ್ಕೆ, 1955ರಲ್ಲಿ, ಅಮೆರಿಕದ ಕಾಲೇಜ್ ಬೋರ್ಡ್ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಅಲ್ಲಿ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದರೆ, ಅನೇಕ ಕಾಲೇಜುಗಳು ಆ ವಿಷಯವನ್ನು ಓದಿ ಮುಗಿಸಿದಂತೆಯೇ ಲೆಕ್ಕ ಹಿಡಿಯುತ್ತವೆ.

ನಮ್ಮ ಪಿಯುಸಿಗೆ ಆ ಭಾಗ್ಯವಿಲ್ಲ. ಎಷ್ಟೇ ಅಂಕ ಬಂದರೂ ಡಿಗ್ರಿ ಮೊದಲ ವರ್ಷದಿಂದಲೇ. ಆದರೆ ಪಾಲಿಟೆಕ್ನಿಕ್‌ನವರಿಗೆ ಉಂಟು. ಈ ವಿಷಯವನ್ನು ನಮ್ಮ ಮನೆಗಳಲ್ಲಿ ಹೇಳುವವರು ಕಡಿಮೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ ನೋಡಿ: ಪಿಯುಸಿ 2, ಬಿ.ಇ. 4, ಡಿಪ್ಲೊಮಾ 3, ಬಿ.ಇ. 3. ಎರಡೂ ಆರೇ ವರ್ಷ. ಆದರೆ ಮನೆಯ ಕಷ್ಟದಿಂದ ಮೂರನೇ ವರ್ಷಕ್ಕೇ ಓದು ನಿಲ್ಲಿಸಬೇಕಾಗಿ ಬಂದರೂ ಡಿಪ್ಲೊಮಾದವರ ಕೈಯಲ್ಲಿ ಕೆಲಸಕ್ಕಾಗುವ ಸರ್ಟಿಫಿಕೇಟು ಇರುತ್ತದೆ. ಡಾಕ್ಟರಾಗುವ ಆಸೆಯುಳ್ಳವರು ಮಾತ್ರ ಪಿಯುಸಿ ವಿಜ್ಞಾನವನ್ನೇ ಹಿಡಿಯಬೇಕು.