ಚಂದ್ರಪ್ರಭಾವ: ಹೊಲ, ಕಾಡು, ಕಡಲಿನ ಕೆಲಸಗಳಲ್ಲಿ

ಚಂದ್ರನ ವೃದ್ಧಿಕ್ಷಯಗಳೊಡನೆ ಭೂಮಿಯ ಮೇಲಣ ಜೀವರಸಗಳೂ ಏರಿಳಿಯುತ್ತವೆಂದೂ, ಆದಕಾರಣ ಮರ ಕಡಿಯುವುದು, ಬೀಜ ಬಿತ್ತುವುದು, ಬಲೆ ಬೀಸುವುದು, ಜೇನು ಇಳಿಸುವುದು ಮೊದಲಾದ ಬಯಲ ಕೆಲಸಗಳಿಗೆ ತಕ್ಕ ಪಕ್ಷವನ್ನೂ ತಿಥಿಯನ್ನೂ ನೋಡಿಕೊಳ್ಳಬೇಕೆಂದೂ ವಿಧಿಸುವ ಜನಪದ ನಂಬಿಕೆಗಳ ಸಮುದಾಯ. ಇವುಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಮೌಢ್ಯವೆಂದು ಎಸೆಯುವುದಾಗಲಿ, ಅನುಭವಸಿದ್ಧವೆಂದು ತಲೆಯ ಮೇಲೆ ಹೊರುವುದಾಗಲಿ ಉಚಿತವಲ್ಲ. ಚಂದ್ರನ ಬೆಳಕನ್ನೂ ಕಡಲ ನೀರನ್ನೂ ನೆಮ್ಮಿದ ನಂಬಿಕೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಗಿಡಮರಗಳ ರಸವನ್ನು ನೆಮ್ಮಿದವು, ಇವೆಲ್ಲಕ್ಕಿಂತ ಪ್ರಾಚೀನವೂ ಶಾಸ್ತ್ರಗೌರವಕ್ಕೆ ಪಾತ್ರವೂ ಆಗಿದ್ದರೂ, ಪರೀಕ್ಷೆಯ ಮುಂದೆ ಸೊರಗುತ್ತವೆ.

ರಸದ ವಿಚಾರವನ್ನೇ ಮೊದಲು ನೋಡಬಹುದು. ಸಂಸ್ಕೃತದಲ್ಲಿ ಚಂದ್ರನಿಗೆ ಓಷಧೀಶನೆಂಬ ಹೆಸರುಂಟು. ರಸರೂಪಿಯಾದ ಸೋಮನಾಗಿ ಸಸ್ಯಗಳನ್ನು ಪೋಷಿಸುವವನು ತಾನೆಂದು ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಹೇಳಿಕೊಳ್ಳುತ್ತಾನೆ. ರೋಮನರಲ್ಲಿಯೂ ಇದೇ ಭಾವನೆಯಿತ್ತು. ಕ್ರಿ. ಪೂ. ಎರಡನೆಯ ಶತಮಾನದ ಕೇಟೋ ತನ್ನ ಕೃಷಿಗ್ರಂಥದಲ್ಲಿ ಕ್ಷೀಣಚಂದ್ರನ ದಿನಗಳಲ್ಲಿಯೇ ಮರವನ್ನು ಉರುಳಿಸಬೇಕೆಂದು ವಿಧಿಸಿದನು. ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿಯು ಅದಕ್ಕೆ ಅಮಾವಾಸ್ಯೆಯೇ ಶ್ರೇಷ್ಠವೆಂಬುದರಲ್ಲಿ ಎಲ್ಲರಿಗೂ ಏಕಾಭಿಪ್ರಾಯವಿದೆಯೆಂದು ಬರೆದು, ಸುಟ್ಟುಹೋದ ಸೇತುವೆಯೊಂದನ್ನು ಮತ್ತೆ ಕಟ್ಟಿಸುವಾಗ ಚಕ್ರವರ್ತಿ ಟೈಬೀರಿಯಸನು ಆ ದಿನವನ್ನೇ ಗೊತ್ತುಮಾಡಿ ಆಲ್ಪ್ಸ್ ಸೀಮೆಯ ರೇಟಿಯಾ ಪ್ರಾಂತದಲ್ಲಿ ಮರಗಳನ್ನು ಕಡಿಸಿದನೆಂದು ನಿದರ್ಶನ ಕೊಡುತ್ತಾನೆ. ಅದೇ ಚಕ್ರವರ್ತಿಯು ತಲೆಗೂದಲನ್ನು ಕತ್ತರಿಸಿಕೊಳ್ಳುವುದಕ್ಕೂ ಚಂದ್ರನನ್ನು ನೋಡುತ್ತಿದ್ದನಂತೆ. ಮರಕ್ಕೊಂದು, ಮಂಡೆಗೊಂದು ನ್ಯಾಯವೇಕೆಂದು ಅವನಿಗೆ ತೋರಿದ್ದಿರಬಹುದು.

ನಮ್ಮ ಮಲೆನಾಡಿನಲ್ಲಿ ಈ ನಂಬಿಕೆ ವಿಶೇಷವಾಗಿ ಬಿದಿರಿಗೆ ಅಂಟಿಕೊಂಡಿದೆ. ಬೆಳ್ದಿಂಗಳ ಪಕ್ಷದಲ್ಲಿ ಕಡಿದ ಗಳಕ್ಕೆ ಕುಟ್ಟೆ ಹಿಡಿಯುತ್ತದೆ, ಕತ್ತಲ ಪಕ್ಷದಲ್ಲಿ ಕಡಿದದ್ದು ಬಾಳುತ್ತದೆ ಎಂಬುದು ಬುಟ್ಟಿ ಹೆಣೆಯುವವರಿಂದ ಹಿಡಿದು ಚಪ್ಪರ ಹಾಕುವವರವರೆಗೆ ಸರ್ವಸಮ್ಮತವಾದ ಮಾತು. ಕುಟ್ಟೆಯೆಂದರೆ ಗಳದೊಳಗೆ ಸುರಂಗ ಕೊರೆದು ಹಿಟ್ಟನ್ನು ಉದುರಿಸುವ ಸಣ್ಣ ದುಂಬಿಯ ಬಾಧೆ. ಅದು ಅರಸಿ ಬರುವುದು ಬಿದಿರಿನಲ್ಲಿ ಸಂಚಿತವಾದ ಪಿಷ್ಟವನ್ನು. ಪಿಷ್ಟದ ಪ್ರಮಾಣವಾದರೋ ಋತುವಿಗೂ ಗಳದ ವಯಸ್ಸಿಗೂ ತಕ್ಕಂತೆ ಹೆಚ್ಚು ಕಡಮೆಯಾಗುತ್ತದೆ. ಹೂಬಿಟ್ಟು ಸಾಯುವ ಬಿದಿರಿನಲ್ಲಿ ಪಿಷ್ಟ ತೀರಿಹೋಗುವುದರಿಂದ ಹುಳುವಿನ ಕಾಟ ಅಲ್ಪ. ಕಡಿದ ಗಳವನ್ನು ವಾರಗಟ್ಟಲೆ ಹೊಳೆಯಲ್ಲಿಯೋ ಕೆರೆಯಲ್ಲಿಯೋ ನೆನೆಹಾಕುವ ಹಳೆಯ ರೂಢಿಯು ಫಲಕೊಡುವುದೂ ಪಿಷ್ಟವು ತೊಳೆದುಹೋಗುವುದರಿಂದಲೇ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೀಟತಜ್ಞರಾಗಿದ್ದ ಸಿ. ಎಫ್. ಸಿ. ಬೀಸನ್ನರು ಈ ವಿಷಯವನ್ನು ಹಗುರವಾಗಿ ತಳ್ಳಿಹಾಕದೆ, ಚಂದ್ರನಿಗೂ ಸಸ್ಯವೃದ್ಧಿಗೂ ಇರುವುದೆನ್ನಲಾದ ಸಂಬಂಧವನ್ನು ಕುರಿತು 1946ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪಕ್ಷ ನೋಡಿ ಕಡಿದವನು ಗಳವನ್ನು ನೀರಿನಲ್ಲಿಯೂ ನೆನೆಯಿಸಿರುತ್ತಾನೆ. ಗಳ ಬಾಳಿದಾಗ ಕೀರ್ತಿ ಮಾತ್ರ ಚಂದ್ರನಿಗೆ ಸಲ್ಲುತ್ತದೆ.

ಬೇಸಾಯದಲ್ಲಿ ಚಂದ್ರನ ಅಧಿಕಾರವು ಮೇಲ್ನೋಟಕ್ಕೆ ಕಾಣುವಷ್ಟು ವಿಸ್ತಾರವಾದುದಲ್ಲ. ‘ಕೃಷಿಪರಾಶರ’ವೆಂಬ ಸಂಸ್ಕೃತ ಕೃಷಿಗ್ರಂಥವು ಹಲಪ್ರಸಾರಣಕ್ಕೆ, ಎಂದರೆ ಮೊದಲ ಉಳುಮೆಗೆ, ತಿಥಿವಾರಗಳನ್ನು ವಿಚಾರಿಸುತ್ತದೆ, ನಿಜ, ಆದರೆ ನಮ್ಮ ರೈತನು ಬಿತ್ತನೆಗೆ ಕಾಯುವುದು ರೋಹಿಣಿ, ಮೃಗಶಿರೆ, ಆರಿದ್ರೆ ಎಂಬ ಮಳೆಗಳನ್ನು. ಹೆಸರುಗಳು ಚಂದ್ರನ ಮನೆಗಳವಾದರೂ ಈ ಲೆಕ್ಕವೆಲ್ಲ ಸೂರ್ಯನದು: ಒಂದೊಂದು ನಕ್ಷತ್ರದಲ್ಲಿ ಸೂರ್ಯನು ನಿಲ್ಲುವ 13-14 ದಿನಗಳೇ ಒಂದೊಂದು ಮಳೆ. ಹದವನ್ನು ಸೂರ್ಯನಿಗೆ ಬಿಟ್ಟು, ಬಿಡುವನ್ನೂ ಹಬ್ಬವನ್ನೂ ಚಂದ್ರನಿಗೆ ಒಪ್ಪಿಸಿದ್ದು ಹಳ್ಳಿಗರ ವಿವೇಕ. ಅಮಾವಾಸ್ಯೆಯಂದು ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟಳೆಯಿಂದ ಮೂಕಪ್ರಾಣಿಗೆ ತಿಂಗಳಿಗೊಂದು ದಿನವಾದರೂ ವಿಶ್ರಾಂತಿ ದೊರಕುತ್ತದೆ. ಕಾರಹುಣ್ಣಿಮೆಯಂದು ಅದೇ ಎತ್ತುಗಳಿಗೆ ಸಿಂಗಾರ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳಿಗೆ ಪೂಜೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ, ಎಂದರೆ ಎಡೆಯ ಅಡುಗೆಯನ್ನು ಹೊಲದಲ್ಲಿ ಚೆಲ್ಲುವುದು. ಆಶ್ವಯುಜದ ಹುಣ್ಣಿಮೆಯು ಬಯಲುಸೀಮೆಯಲ್ಲಿ ಶೀಗಿಹುಣ್ಣಿಮೆಯೆನಿಸಿದರೆ ಮಲೆನಾಡಿನಲ್ಲಿ ಭೂಮಿಹುಣ್ಣಿಮೆ: ಪೈರು ಹೊತ್ತ ನೆಲವನ್ನು ತುಂಬುಬಸುರಿಯೆಂದು ಬಗೆದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಅಡುಗೆಯನ್ನು ಗದ್ದೆಗೆ ಒಯ್ದು ಬಡಿಸುತ್ತಾರೆ.

ಕಡಲ ತೀರಕ್ಕೆ ಬಂದರೆ ನಂಬಿಕೆಯೂ ನಿಯಮವೂ ಒಂದಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ನೇರದಲ್ಲಿ ಕೂಡಿ ಉಬ್ಬರವು ಎತ್ತರವಾಗಿಯೂ ಇಳಿತವು ಆಳವಾಗಿಯೂ ಇರುವುದರಿಂದ, ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪು ಹೆಕ್ಕುವವರಿಗಾಗಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ತೂಬಿಗೆ ಬಲೆಯೊಡ್ಡುವವರಿಗಾಗಲಿ ತಿಥಿಯೇ ಗಡಿಯಾರ. ಹುಣ್ಣಿಮೆಯ ಏಡಿ ಟೊಳ್ಳು, ಅಮಾವಾಸ್ಯೆಯದು ಗಟ್ಟಿ ಎಂಬ ಮಾತು ಮಾತ್ರ ವಿಚಾರಾರ್ಹ. ಸೂಯೆಜ್ ಬಂದರಿನ ಮೀನು ಮಾರುವವರು ಹೇಳುತ್ತಿದ್ದುದು ಇದಕ್ಕೆ ನೇರ ವಿರುದ್ಧ: ಅಲ್ಲಿ ಹುಣ್ಣಿಮೆಯದೇ ತುಂಬಿದ ಏಡಿ. ಮೈತುಂಬ ಮುಳ್ಳುಳ್ಳ ಗುಂಡನೆಯ ಒಂದು ಕಡಲಜೀವಿಯ ವಿಷಯದಲ್ಲಿಯೂ ಅವರು ಹಾಗೆಯೇ ಹೇಳುತ್ತಿದ್ದರು. ಅರಿಸ್ಟಾಟಲನೂ ಅದನ್ನೇ ಬರೆದಿದ್ದನು. ಎಚ್. ಮನ್ರೋ ಫಾಕ್ಸ್ ಎಂಬ ಪ್ರಾಣಿವಿಜ್ಞಾನಿ ಪರೀಕ್ಷಿಸಿ 1924ರಲ್ಲಿ ಪ್ರಕಟಿಸಿದಂತೆ, ಸೂಯೆಜಿನ ಆ ಮುಳ್ಳುಜೀವಿ ನಿಜವಾಗಿಯೂ ಚಂದ್ರಮಾಸಕ್ಕೆ ಹೊಂದಿಕೊಂಡು ಮೊಟ್ಟೆಯಿಡುತ್ತಿತ್ತು. ಮೆಡಿಟರೇನಿಯನ್ ಕಡಲಿನ ಅದರ ಬಂಧುಗಳಲ್ಲಿ ಆ ಕ್ರಮವು ಕಾಣಲಿಲ್ಲ.

ಇನ್ನು ಬೆಳಕು. ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು 4,00,000ದಲ್ಲಿ ಒಂದು ಪಾಲು ಮಾತ್ರವಾದರೂ ಕಾಡಿನ ಕಣ್ಣುಗಳಿಗೆ ಅಷ್ಟು ಸಾಕು. ಹೆಜ್ಜೇನನ್ನು ಕತ್ತಲ ರಾತ್ರಿಯಲ್ಲಿ ಇಳಿಸುವುದು ಗಿರಿಜನರ ಪದ್ಧತಿ. ಬೇರೆ ಜೇನುಗಳಂತಲ್ಲದೆ ಹೆಜ್ಜೇನು ಬೆಳ್ದಿಂಗಳಿನಲ್ಲಿಯೂ ದಾರಿ ಕಂಡು ಹಾರಬಲ್ಲುದು. ಹುಣ್ಣಿಮೆಯಂದು ಬಂಡೆಗೆ ಇಳಿಬಿದ್ದವನನ್ನು ಅದು ಹುಡುಕಿ ಕುಟುಕೀತು. ದೀಪ ಹಿಡಿದು ಮೀನನ್ನು ಆಕರ್ಷಿಸುವ ಬೆಸ್ತನಿಗೂ ಕತ್ತಲೆಯೇ ಬೇಕು, ಏಕೆಂದರೆ ಬೆಳ್ದಿಂಗಳಿನಲ್ಲಿ ಅವನ ದೀಪ ಮಂಕು. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ ಒಕ್ಕುವ ರೈತನು ಮಾತ್ರ ಶುಕ್ಲಪಕ್ಷವನ್ನು ಬಯಸುತ್ತಿದ್ದನು: ಹಗಲಿನ ತಾಪವಿಲ್ಲ, ಎಣ್ಣೆಯ ಖರ್ಚಿಲ್ಲ, ನಿದ್ದೆ ಬಾರದಂತೆ ಸುತ್ತಿಗೊಬ್ಬರು ಎತ್ತಿಕೊಡುವ ಹಂತಿಯ ಹಾಡು. ಒಕ್ಕಣೆ ಯಂತ್ರದ ಬಾಯಿಗೆ ಹೋದಂದಿನಿಂದ ಆ ಹಾಡನ್ನು ಕೇಳಬೇಕಾದರೆ ಜನಪದ ಮೇಳದ ವೇದಿಕೆಗೆ ಹೋಗಬೇಕು. ಅಲ್ಲಿ ಅದನ್ನು ವಿದ್ಯುದ್ದೀಪದ ಕೆಳಗೆ, ಯಾವ ತಿಥಿಯಲ್ಲಾದರೂ ಹಾಡುತ್ತಾರೆ.