ಸುದ್ದಿ ಓದಲು ಹೆಸರೇಕೆ?

1996ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಂತರಜಾಲಕ್ಕೆ ಬಂದಾಗ ಅಮೆರಿಕದ ಓದುಗರಿಗೆ ಸುದ್ದಿ ಉಚಿತವಾಗಿತ್ತು. ನೋಂದಣಿ ಮಾತ್ರ ಕಡ್ಡಾಯ. ಓದುಗರ ವಿವರಗಳು ಜಾಹೀರಾತಿಗೆ ಬೇಕಿದ್ದವು. ಬೇಸತ್ತ ಹಲವರು ಸುಳ್ಳು ವಿವರ ತುಂಬಿದರು. 2003ರಲ್ಲಿ ಆರಂಭವಾದ ‘ಬಗ್ ಮಿ ನಾಟ್’ ತಾಣದ ಮೂಲಕ, ಒಬ್ಬರು ಪಡೆದ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ಎಲ್ಲರೂ ಬಳಸತೊಡಗಿದರು. ಅಂಥ ಖಾತೆ ಮುಚ್ಚಿದರೆ ಇನ್ನೊಂದು ಹುಟ್ಟುತ್ತಿತ್ತು. ಹೀಗೆ ಸಂಗ್ರಹವಾದ ದತ್ತಾಂಶಕ್ಕೆ ಬೆಲೆಯೆಷ್ಟು?

ವ್ಯಕ್ತಿಯ ವಿವರಗಳನ್ನು ಎಷ್ಟು ಕೇಳಬಹುದೆಂಬ ಪ್ರಶ್ನೆ ನಮ್ಮಲ್ಲಿ ಆಧಾರ್ ಯೋಜನೆಯಿಂದ ಎದ್ದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಉದ್ದೇಶಕ್ಕೆ ಅಗತ್ಯವಾದಷ್ಟು ವಿವರಗಳಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ ಎನ್ನುತ್ತದೆ 2023ರ ದತ್ತಾಂಶ ಸಂರಕ್ಷಣಾ ಕಾಯಿದೆ. ಅಗತ್ಯ ಮೀರಿ ಕೇಳಿದಾಗ ಸಿಗುವುದು ಸುಳ್ಳು ಮಾಹಿತಿಯೇ ಎಂಬುದನ್ನು ಸುದ್ದಿತಾಣಗಳ ಈ ಇತಿಹಾಸ ಮೊದಲೇ ತೋರಿಸಿತ್ತು.